ಹುಣ್ಣಿಮೆ, ಅಮಾವಾಸ್ಯೆಗೆ ಏರುವ ಅಮೋನಿಯಾ: ಹಿನ್ನೀರಿನ ದಂಡೆಯ ಎಸ್‌ಟಿಪಿಯಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ಈ ಬರಹ ಒಂದೇ ಒಂದು ದೋಷಕ್ಕೆ ಸಂಬಂಧಿಸಿದ್ದು. ತಿಂಗಳುಗಟ್ಟಲೆ ಸರಿಯಾಗಿ ನಡೆಯುತ್ತಿದ್ದ ನಗರದ ಕೊಳಚೆ ನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ಹೊರಹರಿವಿನಲ್ಲಿ ಅಮೋನಿಯಾ ಇದ್ದಕ್ಕಿದ್ದಂತೆ ಏರುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ತಾನಾಗಿಯೇ ಇಳಿಯುತ್ತದೆ. ಎಲ್ಲರೂ ಮರೆತಿರುವಾಗ ಮತ್ತೆ ಏರುತ್ತದೆ. ಜೊತೆಗೆ ಮೇಲಿನ ತಿಳಿನೀರು ಮಬ್ಬಾಗುತ್ತದೆ, ಕ್ಲೋರಿನ್ ಎಷ್ಟು ಹಾಕಿದರೂ ಉಳಿಕೆ ಕಾಣುವುದಿಲ್ಲ, ಪಂಪ್ ಮಾಡುವ ಮುನ್ನ ಕೊಳಚೆ ನೀರು ಕೂಡುವ ಬಾವಿಯ (ವೆಟ್‌ವೆಲ್) ಬಳಿ ಕೊಳೆತ ಮೊಟ್ಟೆಯ ವಾಸನೆ ಹೆಚ್ಚುತ್ತದೆ. ಕರಾವಳಿಯಲ್ಲಿ, ಅದರಲ್ಲೂ ಮರಳದಿಣ್ಣೆಯ ಹಿಂದೆ ನಿಂತಂತಿರುವ ಹಿನ್ನೀರಿನ ಪಕ್ಕದ ಘಟಕಗಳಲ್ಲಿ ಈ ಲಕ್ಷಣಗಳು ಒಟ್ಟಾಗಿ ಕಂಡರೆ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಬಿಚ್ಚುವ ಮುನ್ನ, ಆ ಗಾಳಿಯನ್ನು ಗುಳ್ಳೆಗಳಾಗಿ ಹರಡುವ ಡಿಫ್ಯೂಸರ್‌ಗಳಿಗೆ ಟೆಂಡರ್ ಕರೆಯುವ ಮುನ್ನ, ಲಾಗ್‌ಪುಸ್ತಕದ ಪಕ್ಕದಲ್ಲಿ ಉಬ್ಬರ ಇಳಿತದ ಪಟ್ಟಿಯನ್ನು ಇಟ್ಟು ನೋಡಬೇಕು. ನನ್ನ ಅನುಭವದಲ್ಲಿ ದೋಷ ಟ್ಯಾಂಕಿನೊಳಗೆ ಕಾಣಿಸಿಕೊಂಡರೂ ಅದರ ಮೂಲ ಬಹಳ ಸಲ ಒಂದೆರಡು ಕಿಲೋಮೀಟರ್ ದೂರದ ಕೊಳವೆಯಲ್ಲಿರುತ್ತದೆ: ಉಬ್ಬರದ ಉಪ್ಪುನೀರು ಅಲ್ಲಿಂದ ಒಳನುಗ್ಗಿ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನು ಕೆಡಿಸುತ್ತದೆ.

ಅಮೋನಿಯಾವನ್ನು ಹಗುರವಾಗಿ ಏಕೆ ತೆಗೆದುಕೊಳ್ಳಬಾರದು

ಹೊಳೆಗೆ ಬಿಟ್ಟ ನೀರು ಹೊಳೆಯೊಂದಿಗೆ ಸಾಗಿಹೋಗುತ್ತದೆ. ಹಿನ್ನೀರಿಗೆ ಬಿಟ್ಟ ನೀರು ಹಾಗಲ್ಲ. ಇಳಿತದಲ್ಲಿ ಸ್ವಲ್ಪ ಹೊರಗೆ ಹೋಗಿ ಉಬ್ಬರದಲ್ಲಿ ಮತ್ತೆ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ನದಿಯ ಹರಿವು ಸೊರಗಿ, ಸಣ್ಣ ಅಳಿವೆಗಳ ಬಾಯಿಗೆ ಮರಳು ತುಂಬಿಕೊಂಡಾಗ ಈ ಓಡಾಟವೂ ಕುಗ್ಗುತ್ತದೆ. ಸಮುದ್ರದೊಡನೆ ನೀರಿನ ವಿನಿಮಯ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇಶದ ಸ್ಪಷ್ಟ ಉದಾಹರಣೆ ಒಡಿಶಾದ ಚಿಲಿಕಾ. 1981ರಲ್ಲಿ ರಾಮ್ಸರ್ ತಾಣವಾದ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) ಆ ಲಗೂನು ಹೂಳು ತುಂಬಿ, ಉಪ್ಪಿನಂಶ ತಗ್ಗಿ ಕ್ಷೀಣಿಸಿದಾಗ 1993ರಲ್ಲಿ ಅಪಾಯದಲ್ಲಿರುವ ತಾಣಗಳ ಮಾಂಟ್ರೋ ದಾಖಲೆಗೆ ಸೇರಿತು. 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದ ಬಳಿಕ ಚೇತರಿಸಿಕೊಂಡು 2002ರಲ್ಲಿ ಆ ದಾಖಲೆಯಿಂದ ಹೊರಬಂದಿತು.

ಉಪ್ಪುನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ಕೊರತೆಯಾಗಿರುವ ಪೋಷಕಾಂಶವೇ ಸಾರಜನಕ. ನಾವು ಅಮೋನಿಯಾ ರೂಪದಲ್ಲಿ ಅದನ್ನು ಬಿಟ್ಟರೆ ಪಾಚಿಗೆ ಬೇಯಿಸಿದ ಅನ್ನವನ್ನೇ ಬಡಿಸಿದಂತೆ. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಭಾಗ ಪಿಎಚ್ ಮೇಲೆ ಅವಲಂಬಿಸಿದೆ: 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಪಿಎಚ್ 7 ಇದ್ದಾಗ ಅದು ಶೇ. 1ಕ್ಕೂ ಕಡಿಮೆ, 8 ಇದ್ದಾಗ ಸುಮಾರು ಶೇ. 5, 9 ಇದ್ದಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಉಪ್ಪುನೀರಿನಲ್ಲಿ ಈ ಪ್ರಮಾಣ ತುಸು ಕಡಿಮೆಯಾದರೂ ಏರಿಕೆಯ ರೀತಿ ಇದೇ. ಪಾಚಿ ತುಂಬಿದ ಹಿನ್ನೀರಿನ ಪಿಎಚ್ ಮಧ್ಯಾಹ್ನದ ಬಿಸಿಲಿಗೆ ಏರುವುದರಿಂದ ಬೆಳಿಗ್ಗೆ ನಿರುಪದ್ರವಿಯಾಗಿದ್ದ ಅದೇ ಅಮೋನಿಯಾ ಮಧ್ಯಾಹ್ನ ಮರಿಮೀನುಗಳನ್ನು ಕೊಲ್ಲಬಲ್ಲದು. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಸತ್ತ ಮೀನು ತೇಲಿದ ಸುದ್ದಿ ನಮ್ಮ ಕಡೆ ಹೆಚ್ಚಾಗಿ ಬೆಳಗಿನ ಜಾವ ಬರುವುದಕ್ಕೆ ಇದೂ ಒಂದು ಕಾರಣ.

ಕಾನೂನಿನ ಮಾತು ಚಿಕ್ಕದಾಗಿ. 2017ರ ಅಕ್ಟೋಬರಿನ ಕೇಂದ್ರ ಅಧಿಸೂಚನೆಯಲ್ಲಿ ಪಿಎಚ್, ಬಿಒಡಿ (ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ), ತೇಲುಘನ ಮತ್ತು ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳಿಗೆ ಮಾತ್ರ ಮಿತಿಯಿತ್ತು. ಸಾರಜನಕದ ಹೆಸರೇ ಇರಲಿಲ್ಲ. 2019ರ ಏಪ್ರಿಲ್ 30ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಲ್ಲಿ ಬಿಒಡಿ 10, ತೇಲುಘನ 20, ಒಟ್ಟು ಸಾರಜನಕ 10 ಮಿಲಿಗ್ರಾಂ/ಲೀಟರ್ ಎಂಬ ಬಿಗಿ ಮಿತಿಗಳು ಬಂದವು. ನಿಮ್ಮ ಘಟಕಕ್ಕೆ ಅನ್ವಯಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿರುವ ಅಂಕಿ. ಆದರೆ ಬಿಒಡಿ ಒಂದನ್ನೇ ನೋಡಿ 'ಘಟಕ ಚೆನ್ನಾಗಿದೆ' ಎನ್ನುವ ಹಳೆಯ ಅಭ್ಯಾಸ ಹಿನ್ನೀರಿನ ದಂಡೆಯಲ್ಲಿ ನಡೆಯುವುದಿಲ್ಲ: ಇಂಗಾಲವನ್ನು ತಿನ್ನುವ ಬ್ಯಾಕ್ಟೀರಿಯಾಗಳು ಉಪ್ಪಿನ ಏಟನ್ನು ತಡೆದುಕೊಂಡು ಕೆಲಸ ಮುಂದುವರಿಸುತ್ತವೆ, ಬಿಒಡಿ ಮಿತಿಯೊಳಗೇ ಇರುತ್ತದೆ, ಅಮೋನಿಯಾ ಮಾತ್ರ ಸದ್ದಿಲ್ಲದೆ ಹೊರಗೆ ಹೋಗುತ್ತಿರುತ್ತದೆ.

ಮೊದಲು ಅಂಕಿಯನ್ನೇ ಸಂಶಯಿಸಿ

ವರದಿಯಲ್ಲಿ ಬಂದ ಅಂಕಿ ನಿಜವೇ ಎಂಬುದನ್ನು ಗಟ್ಟಿ ಮಾಡಿಕೊಳ್ಳದೆ ಮುಂದಕ್ಕೆ ಹೆಜ್ಜೆಯಿಡಬಾರದು, ಏಕೆಂದರೆ ಉಪ್ಪು ಟ್ಯಾಂಕನ್ನು ಕೆಡಿಸುವ ಮೊದಲೇ ಪ್ರಯೋಗಾಲಯವನ್ನು ಕೆಡಿಸುತ್ತದೆ. ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಿ ಅಳೆಯುವ ಸಿಒಡಿ ಪರೀಕ್ಷೆಯಲ್ಲಿ ಡೈಕ್ರೊಮೇಟ್ ಉಪ್ಪಿನ ಕ್ಲೋರೈಡನ್ನೂ ಉತ್ಕರ್ಷಿಸುವುದರಿಂದ ಸುಳ್ಳು ಏರಿಕೆ ಬರುತ್ತದೆ. ಅದನ್ನು ತಡೆಯಲು ಹಾಕುವ ಮರ್ಕ್ಯುರಿಕ್ ಸಲ್ಫೇಟ್ ಸುಮಾರು 2,000 ಮಿಲಿಗ್ರಾಂ/ಲೀಟರ್ ಕ್ಲೋರೈಡ್‌ವರೆಗೆ ಕೆಲಸ ಮಾಡುತ್ತದೆ, ಅದರಾಚೆ ಆ ಅಂಕಿಯನ್ನು ನಂಬುವಂತಿಲ್ಲ. ಬಣ್ಣದ ಗಾಢತೆ ನೋಡುವ ನೆಸ್ಲರ್ ವಿಧಾನದಲ್ಲಿ ಅಮೋನಿಯಾ ಅಳೆಯುವವರು ಇನ್ನೂ ಎಚ್ಚರವಾಗಿರಬೇಕು: ಸಮುದ್ರದ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಆ ಪರೀಕ್ಷೆಯ ಕ್ಷಾರೀಯ ದ್ರಾವಣದಲ್ಲಿ ಕರಗದ ಕಣಗಳಾಗಿ ಹೊರಬಿದ್ದು ಮಬ್ಬು ಮೂಡಿಸುತ್ತವೆ, ಉಪಕರಣ ಆ ಮಬ್ಬನ್ನೇ ಬಣ್ಣವೆಂದು ಓದಿ ಹೆಚ್ಚಿನ ಅಮೋನಿಯಾ ತೋರಿಸುತ್ತದೆ. ಮಾದರಿಯನ್ನು ಬಟ್ಟಿ ಇಳಿಸಿ ಮತ್ತೆ ಪರೀಕ್ಷಿಸಿದಾಗಲೂ ಅಂಕಿ ಹಾಗೆಯೇ ಉಳಿದರೆ ಮಾತ್ರ ದೋಷ ನಿಜ.

ಕರಗಿದ ಆಮ್ಲಜನಕದ ಮೀಟರ್ ಎದುರು ದಿಕ್ಕಿನಲ್ಲಿ ಸುಳ್ಳು ಹೇಳುತ್ತದೆ. 28 ಡಿಗ್ರಿಯಲ್ಲಿ ಸಿಹಿನೀರು ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು ಹಿಡಿಯುವುದು ಸುಮಾರು 6.4 ಮಾತ್ರ. ಲವಣಾಂಶದ ತಿದ್ದುಪಡಿ ಮಾಡದ ಮೀಟರ್ ಉಪ್ಪು ಬೆರೆತ ಟ್ಯಾಂಕಿನಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಟ್ಯಾಂಕಿಗೆ ಬಂದದ್ದು ಶೇ. 10ರಷ್ಟು ಸಮುದ್ರದ ನೀರಾದರೆ ಈ ವ್ಯತ್ಯಾಸ ಅಲ್ಪ, ಆದರೆ ಉಪ್ಪು ಹೆಚ್ಚಿದಷ್ಟೂ ಅದು ಬೆಳೆಯುತ್ತದೆ.

ಮಾದರಿ ತೆಗೆಯುವ ಕ್ರಮದಲ್ಲೇ ಇನ್ನೊಂದು ಮೋಸವಿದೆ. ದಿನದ 24 ಗಂಟೆಗಳಲ್ಲಿ ಎರಡು ಗಂಟೆ ಮಾತ್ರ 2,000 ಮಿಲಿಗ್ರಾಂ ಕ್ಲೋರೈಡಿನ ನೀರು, ಉಳಿದ 22 ಗಂಟೆ 90 ಮಿಲಿಗ್ರಾಂನ ಮಾಮೂಲಿ ಕೊಳಚೆ ನೀರು ಬಂತು ಎಂದಿಟ್ಟುಕೊಳ್ಳಿ. ಒಂದೇ ವೇಗದ ಹರಿವೆಂದು ಲೆಕ್ಕ ಹಾಕಿದರೆ ದಿನದ ಮಿಶ್ರ ಮಾದರಿಯಲ್ಲಿ ಸಿಗುವುದು ಸುಮಾರು 249. ಅದನ್ನು ನೋಡಿದ ರಸಾಯನಶಾಸ್ತ್ರಜ್ಞರು 'ಬಾವಿನೀರು ಸ್ವಲ್ಪ ಉಪ್ಪಾಗಿರಬೇಕು' ಎಂದು ಬರೆದು ಮುಂದೆ ಹೋಗುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಒಂದು ಬಾಟಲಿ ತುಂಬುವವರಿಗಂತೂ ಆ ಎರಡು ಗಂಟೆ ಸಿಗುವುದೇ ಅದೃಷ್ಟದ ಮೇಲೆ. ಆದ್ದರಿಂದ ಒಳಹರಿವಿನ ಕಾಲುವೆಯಲ್ಲಿ ಕಂಡಕ್ಟಿವಿಟಿ (ಉಪ್ಪು ಹೆಚ್ಚಿದಂತೆ ಏರುವ ವಿದ್ಯುತ್ ವಾಹಕತೆ) ಅಳೆಯುವ ಪ್ರೋಬ್ ಒಂದನ್ನು ಇಳಿಬಿಟ್ಟು, ಹದಿನೈದು ನಿಮಿಷಕ್ಕೊಂದು ಓದಿಕೆಯಂತೆ ಕನಿಷ್ಠ ಹದಿನೈದು ದಿನ ದಾಖಲಿಸಿ. ಇಡೀ ಪತ್ತೆಕಾರ್ಯದಲ್ಲಿ ನಾನು ಒತ್ತಾಯಪೂರ್ವಕವಾಗಿ ಖರೀದಿಸಲು ಹೇಳುವ ಉಪಕರಣ ಇದೊಂದೇ.

ಗಡಿಯಾರವೋ, ಚಂದ್ರನೋ

ಹದಿನೈದು ದಿನಗಳ ದಾಖಲೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಮನುಷ್ಯರ ಕೊಳಚೆ ನೀರು ಗಡಿಯಾರಕ್ಕೆ ಬದ್ಧ: ಬೆಳಿಗ್ಗೆ ಒಂದು ಏರಿಕೆ, ಸಂಜೆ ಇನ್ನೊಂದು, ಇಂದೂ ನಾಳೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸಮುದ್ರ ಹಾಗಲ್ಲ, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಕಂಡಕ್ಟಿವಿಟಿಯ ಶಿಖರ ಸೋಮವಾರ ರಾತ್ರಿ ಒಂದಕ್ಕೆ ಬಂದು, ಮಂಗಳವಾರ ಎರಡಕ್ಕೆ ಹತ್ತು ನಿಮಿಷವಿರುವಾಗ, ಬುಧವಾರ ಎರಡೂ ಮುಕ್ಕಾಲರ ಹತ್ತಿರ ಬಂದಿದ್ದರೆ, ಒಳಗೆ ಬರುತ್ತಿರುವುದು ಕಡಲಿನ ನೀರು ಎಂಬುದರಲ್ಲಿ ಅನುಮಾನ ಬೇಡ. ಶಿಖರದ ಎತ್ತರವೂ ಅದೇ ಕತೆಯನ್ನು ಹೇಳುತ್ತದೆ: ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಬಿದಿಗೆ, ತದಿಗೆಯ ಹೊತ್ತಿಗೆ ಅತಿ ಎತ್ತರ, ಅಷ್ಟಮಿಯ ಆಸುಪಾಸಿನಲ್ಲಿ ಬಹುತೇಕ ಮಾಯ. ಪಂಚಾಂಗ ನೋಡಿ ಎಸ್‌ಟಿಪಿ ನಡೆಸುವುದೇ ಎಂದು ನಗುವವರಿಗೆ, ದೋಣಿಯವರು ತಲೆಮಾರುಗಳಿಂದ ಮಾಡುತ್ತ ಬಂದಿರುವುದು ಅದನ್ನೇ ಎಂದು ನೆನಪಿಸಬಹುದು.

ಒಂದು ತೊಡಕನ್ನು ಇಲ್ಲೇ ಬಿಡಿಸಿಬಿಡೋಣ. ದಿನಕ್ಕೆ ಎರಡು ಉಬ್ಬರವಿರುವಾಗ ಉಪ್ಪಿನ ಶಿಖರ ಒಂದೇ ಏಕೆ ಎಂದು ಕೇಳಿ, ಇದು ಉಬ್ಬರದ ದೋಷವಲ್ಲ ಎಂದು ವಾದಿಸಿದವರನ್ನು ಕಂಡಿದ್ದೇನೆ. ಕರ್ನಾಟಕದ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮ ಎತ್ತರದವಲ್ಲ. ನೀರು ನುಗ್ಗುವ ಕಿಂಡಿಯ ಹೊಸ್ತಿಲು ಈ ಎರಡರ ನಡುವಿನ ಮಟ್ಟದಲ್ಲಿದ್ದರೆ ದೊಡ್ಡ ಉಬ್ಬರ ಮಾತ್ರ ಅದನ್ನು ದಾಟುತ್ತದೆ. ಹಾಗೆ ನೋಡಿದರೆ ಒಂಟಿ ಶಿಖರ ನಿಮಗೆ ಬೋನಸ್ಸು: ಉಬ್ಬರದ ಪಟ್ಟಿಯಿಂದ ಆ ಕಿಂಡಿ ಸರಿಸುಮಾರು ಯಾವ ಎತ್ತರದಲ್ಲಿದೆ ಎಂಬುದನ್ನು ಮೇಜಿನ ಮೇಲೆಯೇ ಅಂದಾಜಿಸಬಹುದು.

ಎಲ್ಲ ಉಪ್ಪೂ ಕಡಲಿನಿಂದಲೇ ಬರುವುದಿಲ್ಲ. ಮೀನು ಸಂಸ್ಕರಣೆಯ ಘಟಕವೋ ಒಣಮೀನಿನ ಅಂಗಳವೋ ರಾತ್ರಿ ಉಪ್ಪುನೀರನ್ನು ಒಳಚರಂಡಿಗೆ ಬಿಟ್ಟರೂ ಕಂಡಕ್ಟಿವಿಟಿ ಏರುತ್ತದೆ. ಆದರೆ ಆ ಏರಿಕೆ ಗಡಿಯಾರಕ್ಕೆ ಅಂಟಿಕೊಂಡಿರುತ್ತದೆ, ಚಂದ್ರನಿಗಲ್ಲ. ಜೊತೆಗೆ ಎಣ್ಣೆ, ಜಿಡ್ಡು, ಅಮೋನಿಯಾ, ಬಿಒಡಿ ಎಲ್ಲವೂ ಒಟ್ಟಿಗೆ ಏರುತ್ತವೆ. ಕಡಲ ನೀರು ಬೆರೆತರೆ ಒಳಹರಿವಿನ ಬಿಒಡಿ ತೆಳುವಾಗಿ ಇಳಿಯಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದೋಷ ನಿಂತರೆ ಸಂಶಯ ಮೀನಿನ ಕಡೆಗೆ ವಾಲುವುದು ಸಹಜ, ಆದರೆ ಆತುರ ಬೇಡ: ಅದೇ ಹೊತ್ತಿಗೆ ಮುಂಗಾರಿನ ನೆರೆ ಹಿನ್ನೀರನ್ನೇ ಸಿಹಿಯಾಗಿಸಿರುತ್ತದೆ, ಆಗ ಕಿಂಡಿಯಿಂದ ನುಗ್ಗಿದರೂ ಉಪ್ಪು ಕಾಣುವುದಿಲ್ಲ. ಮಳೆನೀರಿನ ಒಳಸೋರಿಕೆಯನ್ನು ಗುರುತಿಸುವುದು ಸುಲಭ. ಹರಿವು ಏರುತ್ತದೆ, ಕಂಡಕ್ಟಿವಿಟಿ ಇಳಿಯುತ್ತದೆ.

ಎಷ್ಟು ಪ್ರಮಾಣದ ಕಡಲ ನೀರು ಎಂಬುದಕ್ಕೆ ಕ್ಲೋರೈಡಿನ ಸರಳ ಲೆಕ್ಕ ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇದೆ. ಮಾಮೂಲಿ ಒಳಹರಿವು 90, ಶಿಖರದಲ್ಲಿ 1,990 ಎಂದಾದರೆ, ಹೆಚ್ಚಳವಾದ 1,900ನ್ನು 18,910ರಿಂದ ಭಾಗಿಸಿದಾಗ ಸುಮಾರು ಶೇ. 10 ಬರುತ್ತದೆ. ಆ ಹೊತ್ತಿನ ಹರಿವಿನಲ್ಲಿ ಹತ್ತರಲ್ಲೊಂದು ಪಾಲು ಕಡಲು. ಹಿನ್ನೀರು ಪೂರ್ತಿ ಸಮುದ್ರದಷ್ಟು ಉಪ್ಪಾಗಿರುವುದಿಲ್ಲವಾದ್ದರಿಂದ ಅದೇ ರಾತ್ರಿ ಹಿನ್ನೀರಿನ ಮಾದರಿಯನ್ನೂ ಅಳೆದು ಅದನ್ನೇ ಲೆಕ್ಕದಲ್ಲಿ ಬಳಸುವುದು ಸರಿಯಾದ ಕ್ರಮ.

ಕಿಂಡಿಯನ್ನು ಹುಡುಕುವುದು

ಹುಡುಕಾಟ ಮಹಾ ಉಬ್ಬರದ (ಹುಣ್ಣಿಮೆ, ಅಮಾವಾಸ್ಯೆಯ ಬೆನ್ನಿಗೆ ಬರುವ ಅತಿ ಎತ್ತರದ ಉಬ್ಬರ) ರಾತ್ರಿ, ಊರು ಮಲಗಿದ ಮೇಲೆ ನಡೆಯಬೇಕು. ಆಗ ಮನೆಗಳ ನೀರು ತೀರ ಕಡಿಮೆಯಿರುವುದರಿಂದ ಕೊಳವೆಯಲ್ಲಿ ಹರಿಯುವುದು ಹೆಚ್ಚಿನಂಶ ಸೋರಿಕೆಯೇ. ಘಟಕದಿಂದ ಆರಂಭಿಸಿ, ಹರಿವಿಗೆ ಎದುರಾಗಿ, ಕೊಳವೆಗಳು ಕೂಡುವ ಪ್ರತಿ ಮ್ಯಾನ್‌ಹೋಲಿನಲ್ಲಿ ಪ್ರೋಬನ್ನು ಕೇಬಲಿನಿಂದ ಇಳಿಸಿ ಅಳೆಯುತ್ತ ಹೋಗಿ. ಕವಲಿನಲ್ಲಿ ಎರಡು ಕೊಳವೆ ಸೇರಿದರೆ ಉಪ್ಪಾಗಿರುವ ಕವಲನ್ನು ಹಿಡಿದು ಮುಂದುವರಿಯಿರಿ. ಉಪ್ಪು ಎಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತದೋ ಅದಕ್ಕೂ ಹಿಂದಿನ ಮ್ಯಾನ್‌ಹೋಲಿಗೂ ನಡುವೆ ನಿಮ್ಮ ಕಿಂಡಿ ಇದೆ.

ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬೇಡಿ. ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿ ಶುಚಿಗೊಳಿಸಲು ಜನರನ್ನು ಇಳಿಸುವುದನ್ನು ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ, 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿದೆ. ಉಪ್ಪು ಸೇರಿದ ಕೊಳವೆ ಮಾಮೂಲಿಗಿಂತ ಹೆಚ್ಚು ಅಪಾಯಕಾರಿ ಎಂಬುದು ಎಲ್ಲರಿಗೂ ತಿಳಿದಿಲ್ಲ. ಸಮುದ್ರದ ನೀರಿನ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ಗಾಳಿಯಿಲ್ಲದ ಕೊಳವೆಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹೈಡ್ರೋಜನ್ ಸಲ್ಫೈಡಾಗಿಸುತ್ತವೆ. ಆ ಅನಿಲ ಮೂಗನ್ನೇ ಮಂಕಾಗಿಸುವುದರಿಂದ 'ವಾಸನೆ ಹೋಯಿತು, ಈಗ ಇಳಿಯಬಹುದು' ಎಂದುಕೊಂಡ ಕ್ಷಣವೇ ಸಾವಿನ ಕ್ಷಣವಾಗುತ್ತದೆ. ಕಾಂಕ್ರೀಟ್ ಕೊಳವೆಯ ನೆತ್ತಿಯನ್ನು ತಿನ್ನುವ ಆಮ್ಲದ ಮೂಲವೂ ಇದೇ.

ನಾನು ಕೆಲಸ ಮಾಡಿದ ಒಂದು ಕರಾವಳಿ ಪಟ್ಟಣದಲ್ಲಿ ಈ ದೋಷ ಒಂದು ಇಡೀ ಬೇಸಿಗೆ ನಮ್ಮನ್ನು ಆಡಿಸಿತು. ಬ್ಲೋವರಿನ ಬೆಲ್ಟ್ ಬದಲಾಯಿಸಿದೆವು, ಡಿಫ್ಯೂಸರ್‌ಗಳನ್ನು ತೆಗೆದು ತೊಳೆದೆವು, ಬೇರೆ ಘಟಕದಿಂದ ಟ್ಯಾಂಕರಿನಲ್ಲಿ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ತಂದು ಸುರಿದೆವು. ಪ್ರತಿ ಸಲವೂ ಒಂದು ವಾರದಲ್ಲಿ ಅಮೋನಿಯಾ ಇಳಿದು ನಮ್ಮ ಚಿಕಿತ್ಸೆಯೇ ಫಲಿಸಿತೆಂಬ ಭ್ರಮೆ ಹುಟ್ಟಿಸಿತು. ಅಸಲಿಗೆ ಇಳಿದದ್ದು ಅಷ್ಟಮಿ ಬಂದದ್ದರಿಂದ. ನಂಟು ಹೊಳೆಯುವಂತೆ ಮಾಡಿದವನು ಒಳಹರಿವಿನ ಕಸ ತಡೆಯುವ ಜಾಲರಿ (ಸ್ಕ್ರೀನ್) ಸ್ವಚ್ಛ ಮಾಡುವ ಹುಡುಗ. ಒಂದು ಮುಂಜಾನೆ ಕಸದ ಕುಕ್ಕೆಯನ್ನು ತಂದು ಕಚೇರಿಯ ಎದುರಿಟ್ಟ. ಒದ್ದೆ ಬಟ್ಟೆಚೂರು, ಶಾಂಪೂ ಪೊಟ್ಟಣಗಳ ನಡುವೆ ಒಂದು ಸಣ್ಣ ಏಡಿ, ಜೀವಂತ, ಕೊಂಬು ಎತ್ತಿಕೊಂಡು ನಿಂತಿತ್ತು. ಯಾವ ಮನೆಯ ಬಚ್ಚಲಿನಿಂದಲೂ ಏಡಿ ಬರುವುದಿಲ್ಲ.

ಮುಂದಿನ ಹುಣ್ಣಿಮೆಯ ಮರುದಿನ ರಾತ್ರಿ ಎರಡು ಗಂಟೆಗೆ ನಾವು ಮೂವರು ಟಾರ್ಚ್ ಹಿಡಿದು ಕೆಳಗಿನ ಬಡಾವಣೆಯ ವೆಟ್‌ವೆಲ್ಲಿಗೆ ಹೋದೆವು. ವಿದ್ಯುತ್ ಕೈಕೊಟ್ಟಾಗ ಕೊಳಚೆ ನೀರು ರಸ್ತೆಗೆ ಉಕ್ಕದಿರಲೆಂದು ಅಲ್ಲಿಂದ ಹಿನ್ನೀರಿಗೆ ತುರ್ತು ಕೊಳವೆಯೊಂದನ್ನು ಹಾಕಿ, ಅದರ ತುದಿಗೆ ಹೊರಕ್ಕೆ ಮಾತ್ರ ತೆರೆಯುವ ಎರಕದ ಕಬ್ಬಿಣದ ಫ್ಲ್ಯಾಪ್ ಕೂರಿಸಿದ್ದರು. ವೆಟ್‌ವೆಲ್ಲಿನ ಮುಚ್ಚಳ ಸರಿಸಿದೊಡನೆ ಸದ್ದು ಕೇಳಿಸಿತು: ತೋಡಿನ ನೀರು ಕಟ್ಟ ದಾಟಿ ಧುಮುಕುವಂಥ ಸದ್ದು, ಆದರೆ ತಪ್ಪು ದಿಕ್ಕಿನಿಂದ. ಇಳಿತದಲ್ಲಿ ಹೋಗಿ ನೋಡಿದಾಗ ಫ್ಲ್ಯಾಪಿನ ಕೆಳಮೂಲೆಯಲ್ಲಿ ತೆಂಗಿನ ಸಿಪ್ಪೆಯ ತುಂಡೊಂದು ಸಿಕ್ಕಿಕೊಂಡಿತ್ತು. ಅದನ್ನು ಎಳೆದು ತೆಗೆದರೂ ಬಾಗಿಲು ಕೂರಲಿಲ್ಲ. ಅಂಚಿನ ಸುತ್ತ ಬಾರ್ನಕಲ್ ಎಂಬ ಚಿಪ್ಪಿನ ಕಡಲಜೀವಿಗಳು ಗಟ್ಟಿಯಾಗಿ ಅಂಟಿ, ಬೆರಳು ತೂರುವಷ್ಟು ಸಂದು ಉಳಿದೇ ಇತ್ತು.

ಎಲ್ಲ ಊರಿನಲ್ಲೂ ಫ್ಲ್ಯಾಪೇ ತಪ್ಪಿತಸ್ಥ ಎಂದಲ್ಲ. ಉಬ್ಬರದಲ್ಲಿ ಮುಳುಗುವ ಗದ್ದೆಬದಿಯ ಮ್ಯಾನ್‌ಹೋಲಿನ ಮುಚ್ಚಳ, ಅಂತರ್ಜಲದಲ್ಲಿ ಮುಳುಗಿರುವ ಹಳೆಯ ಸ್ಟೋನ್‌ವೇರ್ ಕೊಳವೆಯ ಸಡಿಲ ಕೀಲು, ಮಳೆನೀರಿನ ಚರಂಡಿಗೆ ಯಾರೋ ಗುಟ್ಟಾಗಿ ಕೊಟ್ಟ ಸಂಪರ್ಕ, ಇವೂ ಸಾಮಾನ್ಯ. ಫ್ಲ್ಯಾಪಿನಿಂದ ಬರುವ ಉಪ್ಪು ಚೂಪಾದ ಶಿಖರವಾಗಿ ಏರಿ ಇಳಿಯುತ್ತದೆ. ಕೀಲುಗಳಿಂದ ಜಿನುಗುವುದು ಮೊಂಡಾದ, ಉಬ್ಬರಕ್ಕಿಂತ ತಡವಾಗಿ ಬರುವ ಅಲೆಯಾಗಿರುತ್ತದೆ.

ಟ್ಯಾಂಕಿನೊಳಗೆ ಏನಾಗಿರುತ್ತದೆ

ಉಪ್ಪೇ ಕಾರಣವೆಂದು ತೀರ್ಮಾನಿಸುವ ಮುನ್ನ ಟ್ಯಾಂಕಿನ ಮಾಮೂಲಿ ಕಾರಣಗಳನ್ನು ತಳ್ಳಿಹಾಕಬೇಕು. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ನೈಟ್ರಿಫಿಕೇಶನ್‌ಗೆ ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.57 ಮಿಲಿಗ್ರಾಂ ಆಮ್ಲಜನಕವೂ 7.14 ಮಿಲಿಗ್ರಾಂ ಕ್ಷಾರತೆಯೂ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ) ಬೇಕು. ಗಾಳಿಯ ಕೊರತೆಯನ್ನು ಎಲ್ಲರೂ ಮೊದಲು ನೋಡುತ್ತಾರೆ, ಕ್ಷಾರತೆಯನ್ನು ಹೆಚ್ಚಿನವರು ಮರೆಯುತ್ತಾರೆ. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಮೃದು, ತುಸು ಆಮ್ಲೀಯ. ಬಯಲುಸೀಮೆಯ ಗಡಸು ನೀರಿನಂತೆ ಅದರಲ್ಲಿ ಕ್ಷಾರತೆಯ ಗಂಟು ಇರುವುದಿಲ್ಲ. 40 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಪೂರ್ತಿ ಪರಿವರ್ತಿಸಲು ಸುಮಾರು 285 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಡಿನೈಟ್ರಿಫಿಕೇಶನ್ ನಡೆದರೆ ಅದರಲ್ಲಿ ಅರ್ಧದಷ್ಟು ಮರಳಿ ಬರುತ್ತದೆ, ನಡೆಯದಿದ್ದರೆ ಪಿಎಚ್ 6.5ಕ್ಕಿಂತ ಕೆಳಗೆ ಜಾರಿ ಬ್ಯಾಕ್ಟೀರಿಯಾಗಳು ಕೈಚೆಲ್ಲುತ್ತವೆ. ಹೊರಹರಿವಿನಲ್ಲಿ 60ರಿಂದ 80 ಮಿಲಿಗ್ರಾಂ ಕ್ಷಾರತೆ ಉಳಿದಿದ್ದರೆ ಈ ಕಾರಣವನ್ನು ಬಿಡಬಹುದು.

ಸ್ಲಡ್ಜಿನ ವಯಸ್ಸನ್ನೂ, ಅಂದರೆ ಅದು ಟ್ಯಾಂಕಿನಲ್ಲಿ ಸರಾಸರಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನೂ, ಲೆಕ್ಕ ಹಾಕಿ. ನಮ್ಮ ಬೆಚ್ಚಗಿನ ನೀರಿನಲ್ಲಿ ಐದಾರು ದಿನಗಳಿದ್ದರೂ ನೈಟ್ರಿಫಿಕೇಶನ್ ನಡೆಯುತ್ತದೆ. ಆದರೆ ಮುಂಗಾರಿನ ನೆರೆಯಲ್ಲಿ ತೇಲಿಹೋದ ಸ್ಲಡ್ಜನ್ನು ಲೆಕ್ಕಕ್ಕೆ ಸೇರಿಸದೆ ಕಾಗದದ ಮೇಲೆ ಹನ್ನೆರಡು ದಿನ ತೋರಿಸುವ ಘಟಕಗಳಿವೆ.

ಗಾಳಿ, ಕ್ಷಾರತೆ, ವಯಸ್ಸು ಮೂರೂ ಸರಿಯಿದ್ದು ಅಮೋನಿಯಾ ಏರಿದ್ದರೆ ನೈಟ್ರೈಟನ್ನು ಅಳೆಯಿರಿ. ಅಮೋನಿಯಾವನ್ನು ನೈಟ್ರೈಟಾಗಿಸುವ ಬ್ಯಾಕ್ಟೀರಿಯಾಗಳಿಗಿಂತ ನೈಟ್ರೈಟನ್ನು ನೈಟ್ರೇಟಾಗಿಸುವವು ಸಾಮಾನ್ಯವಾಗಿ ಹೆಚ್ಚು ನಾಜೂಕು. ಆದ್ದರಿಂದ ಉಪ್ಪಿನ ಏಟು ಬಿದ್ದ ಟ್ಯಾಂಕಿನಲ್ಲಿ ನೈಟ್ರೈಟ್ ಗುಡ್ಡೆಯಾಗುತ್ತದೆ. ಕ್ಲೋರಿನ್ ಮಾಯವಾಗುವ ಒಗಟಿಗೂ ಉತ್ತರ ಇಲ್ಲೇ ಇದೆ. ಒಂದು ಮಿಲಿಗ್ರಾಂ ನೈಟ್ರೈಟ್ ಸಾರಜನಕ ಸುಮಾರು 5 ಮಿಲಿಗ್ರಾಂ ಕ್ಲೋರಿನ್ನನ್ನು ನುಂಗುತ್ತದೆ. ಕ್ಲೋರಿನೇಟರ್ ಕೆಟ್ಟಿದೆಯೆಂದು ದೂರು ಬರೆದ ದಿನವೇ ಕೋಲಿಫಾರ್ಮ್ ಮಿತಿ ಮೀರಿರುತ್ತದೆ, ಆ ನೀರು ಹೋಗುವುದು ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರು ಮೊಣಕಾಲುದ್ದ ನಿಲ್ಲುವ ಹಿನ್ನೀರಿಗೆ.

ಸೂಕ್ಷ್ಮದರ್ಶಕವಿದ್ದರೆ ಒಂದು ಹನಿ ಸಾಕು. ಆರೋಗ್ಯವಂತ ಸ್ಲಡ್ಜಿನಲ್ಲಿ ತೊಟ್ಟಿನ ಮೇಲೆ ಗಂಟೆಯಂತೆ ಆಡುವ ವೋರ್ಟಿಸೆಲ್ಲಾ ಎಂಬ ಏಕಕೋಶಜೀವಿ ಏಟು ಬಿದ್ದ ದಿನ ಮುದುಡಿಕೊಂಡಿರುತ್ತದೆ ಅಥವಾ ತೊಟ್ಟು ಮಾತ್ರ ಉಳಿದಿರುತ್ತದೆ. ಬ್ಯಾಕ್ಟೀರಿಯಾಗಳ ಗೊಂಚಲುಗಳಾದ ಫ್ಲಾಕ್‌ಗಳ ಅಂಚು ಒಡೆದು ಚೂರುಗಳು ಸುತ್ತ ತೇಲುತ್ತಿರುತ್ತವೆ. ತಿಳಿನೀರು ಮಬ್ಬಾಗುವುದು ಈ ಚೂರುಗಳಿಂದ.

ಬ್ಯಾಕ್ಟೀರಿಯಾಗಳಿಗೆ ಉಪ್ಪು ಹಗೆಯೇನಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ನಿಧಾನವಾಗಿ, ವಾರಗಟ್ಟಲೆ ಒಂದೇ ಪ್ರಮಾಣದಲ್ಲಿ ಬಂದರೆ ಅವು ಒಗ್ಗಿಕೊಳ್ಳುತ್ತವೆ. ಅವನ್ನು ಕೆಡಿಸುವುದು ಏರಿಳಿತ: ಎರಡು ಗಂಟೆ ಉಪ್ಪು, ಇಪ್ಪತ್ತೆರಡು ಗಂಟೆ ಸಿಹಿ, ಒಂದು ವಾರ ಏಟು, ಒಂದು ವಾರ ವಿರಾಮ. ಈ ಮಾತಿನಿಂದ ನಿವಾರಣೆಯ ದಾರಿಯೂ ಹೊರಡುತ್ತದೆ.

ಸದ್ಯಕ್ಕೆ ಮಾಡಬೇಕಾದದ್ದು

ಕಿಂಡಿ ಮುಚ್ಚುವವರೆಗೆ ಏಟನ್ನು ಚಪ್ಪಟೆಯಾಗಿಸಿ. ಸಮತೋಲನ ಟ್ಯಾಂಕ್ ಇದ್ದರೆ ಉಬ್ಬರದ ಎರಡು ಗಂಟೆಗಳ ನೀರನ್ನು ಅಲ್ಲಿ ಹಿಡಿದು ಉಳಿದ ದಿನವಿಡೀ ಸ್ವಲ್ಪಸ್ವಲ್ಪವಾಗಿ ಬಿಡಿ. ಬೇಸಿನ್ನುಗಳನ್ನು ಸರದಿಯಂತೆ ತುಂಬಿಸಿ ಶುದ್ಧೀಕರಿಸುವ ಎಸ್‌ಬಿಆರ್ ಘಟಕಗಳಲ್ಲಿ ಉಪ್ಪಿನ ಹರಿವೆಲ್ಲ ಪ್ರತಿದಿನ ಒಂದೇ ಬೇಸಿನ್ನಿಗೆ ಬೀಳದಂತೆ ತುಂಬುವ ಸರದಿಯನ್ನು ಹೊಂದಿಸಿ. ಹೆಚ್ಚುವರಿ ಸ್ಲಡ್ಜ್ ತೆಗೆಯುವುದನ್ನು ತಗ್ಗಿಸಿ ವಯಸ್ಸನ್ನು ಏರಿಸಿ, ಆದರೆ ನೆಲೆಗೊಳ್ಳುವ ಟ್ಯಾಂಕ್ ತಡೆಯುವಷ್ಟೇ. ಕ್ಷಾರತೆ ಕಡಿಮೆಯಿದ್ದರೆ ಸುಣ್ಣ ಕೊಡಿ: ದಿನಕ್ಕೆ 50 ಲಕ್ಷ ಲೀಟರಿನ ಘಟಕದಲ್ಲಿ 60 ಮಿಲಿಗ್ರಾಂ ಕ್ಷಾರತೆ ಏರಿಸಲು ಬೇಕಾದದ್ದು 300 ಕಿಲೋ ಕ್ಷಾರತೆ, ಶುದ್ಧ ಅರಳಿದ ಸುಣ್ಣ ತನ್ನ ತೂಕದ 1.35 ಪಟ್ಟು ಕ್ಷಾರತೆ ಕೊಡುವುದರಿಂದ ಸುಮಾರು 222 ಕಿಲೋ ಸಾಕು. ಚೀಲದ ಮೇಲಿನ ಶುದ್ಧತೆ ನೋಡಿ ಅದನ್ನು ಏರಿಸಿಕೊಳ್ಳಿ.

ಹೊರಗಿನಿಂದ ಸ್ಲಡ್ಜ್ ತಂದು ಸುರಿಯುವುದಕ್ಕೆ ನನ್ನ ಬೆಂಬಲವಿಲ್ಲ. ಸಿಹಿನೀರಿಗೆ ಒಗ್ಗಿದ ಬ್ಯಾಕ್ಟೀರಿಯಾಗಳನ್ನು ಉಪ್ಪಿನ ಏಟಿನ ನಡುವೆ ತಂದು ಬಿಟ್ಟರೆ ಅವು ಬದುಕುವುದು ಮುಂದಿನ ಅಮಾವಾಸ್ಯೆಯವರೆಗೆ ಮಾತ್ರ. ಬಾಟಲಿಯಲ್ಲಿ ಬರುವ 'ವಿಶೇಷ ಕಲ್ಚರ್'ಗಳ ಬಗ್ಗೆಯೂ ಇದೇ ಮಾತು.

ಶಾಶ್ವತ ದುರಸ್ತಿ ಸಿವಿಲ್ ಕೆಲಸ. ಕಬ್ಬಿಣದ ಫ್ಲ್ಯಾಪಿನ ಬದಲು ಬಾತುಕೋಳಿಯ ಕೊಕ್ಕಿನಾಕಾರದ ರಬ್ಬರ್ ಕವಾಟ ಹಾಕಿದರೆ ಸಣ್ಣಪುಟ್ಟ ಕಸ ಸಿಕ್ಕಿಕೊಂಡರೂ ಅದು ಸುತ್ತಲೂ ಮುಚ್ಚಿಕೊಳ್ಳುತ್ತದೆ. ಇದಕ್ಕಿಂತ ಗಟ್ಟಿಯಾದದ್ದು ತುರ್ತು ಕೊಳವೆಯ ಹೊಸ್ತಿಲನ್ನೇ ವರ್ಷದ ಅತಿ ಎತ್ತರದ ಉಬ್ಬರಕ್ಕಿಂತ ಮೇಲಕ್ಕೆ ಏರಿಸುವುದು. ಆದರೆ ಹಾಗೆ ಮಾಡುವ ಮುನ್ನ ಆ ಮಟ್ಟದಲ್ಲಿ ಮೇಲಿನ ಮನೆಗಳ ಬಚ್ಚಲು ಉಕ್ಕುವುದಿಲ್ಲವೇ ಎಂದು ಮಟ್ಟ ಅಳೆದು ಖಚಿತಪಡಿಸಿಕೊಳ್ಳಿ. ವೆಟ್‌ವೆಲ್ಲಿಗೆ ನಂಬಿಕೆಯ ಜನರೇಟರ್ ಕೊಟ್ಟರೆ ತುರ್ತು ಕೊಳವೆಯನ್ನೇ ಮುಚ್ಚಿಹಾಕಬಹುದು. ಖರ್ಚು ಹೆಚ್ಚಾದರೂ ಹಿನ್ನೀರಿನ ಹಿತಕ್ಕೆ ನಾನು ಆರಿಸುವುದು ಅದನ್ನೇ.

ಹಿನ್ನೀರಿನ ಬದಿಯ ತಪಾಸಣೆ

ಹೊರಹರಿವಿನ ಮೇಲೆ ಒಂದು, ಕೆಳಗೆ ಒಂದು ಎಂದು ನದಿಯ ರೀತಿಯಲ್ಲಿ ಮಾದರಿ ತೆಗೆದರೆ ಹಿನ್ನೀರಿನಲ್ಲಿ ಅರ್ಥವಿಲ್ಲ; ಉಬ್ಬರದ ಹೊತ್ತಿಗೆ ನಿಮ್ಮ 'ಮೇಲಿನ' ಮಾದರಿಯಲ್ಲೇ ನಿಮ್ಮ ಹೊರಹರಿವು ಇರುತ್ತದೆ. ಉಬ್ಬರಕ್ಕೂ ಇಳಿತಕ್ಕೂ ಪ್ರತ್ಯೇಕವಾಗಿ, ಆಮ್ಲಜನಕಕ್ಕಾಗಿ ಸೂರ್ಯ ಹುಟ್ಟುವ ಮುನ್ನ, ಪಿಎಚ್‌ಗಾಗಿ ಮಧ್ಯಾಹ್ನ ಮೂರರ ಸುಮಾರಿಗೆ ಅಳೆಯಿರಿ.

ಘಟಕ ಸರಿಯಾದ ಮೇಲೂ ಹಿನ್ನೀರಿನ ಪಾಚಿ ಇಳಿಯದಿರಬಹುದು, ಅದಕ್ಕೆ ಘಟಕವನ್ನೇ ಮತ್ತೆ ಮತ್ತೆ ಬಿಚ್ಚುವ ಅಗತ್ಯವಿಲ್ಲ. ಫ್ಲಾರಿಡಾದ ಇಂಡಿಯನ್ ರಿವರ್ ಲಗೂನಿಗೆ ನಗರಗಳ ಘಟಕಗಳು ನೀರು ಬಿಡುವುದನ್ನು ನಿಲ್ಲಿಸುವಂತೆ ಅಲ್ಲಿನ ರಾಜ್ಯ 1990ರಲ್ಲೇ ಕಾನೂನು ಮಾಡಿತು, 1996 ಗಡುವಾಗಿತ್ತು. ಆದರೂ 2011ರಲ್ಲಿ ಭಾರೀ ಪಾಚಿ ಹಬ್ಬಿ ಕಡಲಹುಲ್ಲು ನಾಶವಾಯಿತು, 2021ರಲ್ಲಿ ಆ ಹುಲ್ಲನ್ನೇ ನಂಬಿದ್ದ ಮ್ಯಾನಟೀ ಎಂಬ ದೊಡ್ಡ ಜಲಸಸ್ತನಿಗಳು ಹಸಿವಿನಿಂದ ದೊಡ್ಡ ಸಂಖ್ಯೆಯಲ್ಲಿ ಸತ್ತವು. ಮನೆಗಳ ಸೆಪ್ಟಿಕ್ ಟ್ಯಾಂಕ್, ಮಳೆನೀರಿನ ಚರಂಡಿ, ತಳದಲ್ಲಿ ಕೂತ ಹಳೆಯ ಕೆಸರು, ಇವೆಲ್ಲ ಸಾರಜನಕ ಮತ್ತು ರಂಜಕವನ್ನು ಕೊಡುತ್ತಲೇ ಇದ್ದವು. ಸ್ಪೇನಿನ ಮಾರ್ ಮೆನೋರ್ ಲಗೂನಿನಲ್ಲಿ 2019ರ ಅಕ್ಟೋಬರಿನಲ್ಲಿ ಉಸಿರು ಸಿಗದ ಮೀನುಗಳು ದಡಕ್ಕೆ ಬಂದು ಸತ್ತಾಗ ಪ್ರಧಾನ ಸಂಶಯ ಹೋದದ್ದು ಸುತ್ತಲಿನ ಹೊಲಗಳ ಗೊಬ್ಬರದ ನೈಟ್ರೇಟಿನ ಕಡೆಗೆ. ನಮ್ಮಲ್ಲೂ ಮರಳಿನಲ್ಲಿ ಅಗೆದ ಇಂಗುಗುಂಡಿಗಳು ಹಿನ್ನೀರಿನಿಂದ ಕೆಲವೇ ಮಾರು ದೂರದಲ್ಲಿವೆ.

ದೂರನ್ನು ಮುಕ್ತಾಯಗೊಳಿಸುವುದು ಯಾವಾಗ

ಅಮೋನಿಯಾ ಇಳಿದ ದಿನವಲ್ಲ. ದುರಸ್ತಿಯಾದ ಬಳಿಕ ಒಂದು ಹುಣ್ಣಿಮೆ ಮತ್ತು ಒಂದು ಅಮಾವಾಸ್ಯೆ ಕಳೆದು, ಎರಡೂ ಮಹಾ ಉಬ್ಬರಗಳಲ್ಲಿ ಒಳಹರಿವಿನ ಕಂಡಕ್ಟಿವಿಟಿ ಅಷ್ಟಮಿಯ ಮಟ್ಟದಲ್ಲೇ ನಿಂತು, ನೈಟ್ರೈಟ್ ಕುಗ್ಗಿ ನೈಟ್ರೇಟ್ ಏರಿದ್ದನ್ನು ನೋಡಿದ ಮೇಲೆ. ದುರಸ್ತಿ ಮಳೆಗಾಲದಲ್ಲಿ ಆಗಿದ್ದರೆ ಈ ಪರೀಕ್ಷೆಗೆ ಬೆಲೆಯಿಲ್ಲ. ಹಿನ್ನೀರು ಮತ್ತೆ ಉಪ್ಪಾಗುವ ಡಿಸೆಂಬರ್, ಜನವರಿಯವರೆಗೆ ಕಡತವನ್ನು ತೆರೆದೇ ಇಡಿ. ನಾವು ಆ ಪಟ್ಟಣದಲ್ಲಿ ಲಾಗ್‌ಪುಸ್ತಕಕ್ಕೆ 'ಉಬ್ಬರದ ಸಮಯ ಮತ್ತು ಎತ್ತರ' ಎಂಬ ಹೊಸ ಕಾಲಮ್ ಸೇರಿಸಿದೆವು, ಕವಾಟವನ್ನು ತಿಂಗಳಿಗೆರಡು ಬಾರಿ ಮಹಾ ಉಬ್ಬರದ ಮುನ್ನಾದಿನ, ಇಳಿತದಲ್ಲಿ, ಕೈಯಿಂದ ಮುಟ್ಟಿ ನೋಡುವ ಕೆಲಸವನ್ನು ಸ್ಕ್ರೀನಿನ ಆ ಹುಡುಗನಿಗೇ ವಹಿಸಿದೆವು.